ದಾವಣಗೆರೆಯಿಂದ ಗೆಳೆಯರ ಗಾಲ್ಫ್ ಟ್ರಿಪ್: ಚಿಕ್ಕಮಗಳೂರಾ, ಮೈಸೂರಾ, ಕೊಡಗಾ, ಊಟಿನಾ, ಬೆಂಗಳೂರಾ?

ನಾವು ಎಂಟು ಜನ, 1994ರಲ್ಲಿ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿದವ್ರು. 2012ರಿಂದ ವರ್ಷಕ್ಕೊಂದ್ಸಲ ಗಾಲ್ಫ್ ಬ್ಯಾಗ್ ಹಾಕ್ಕೊಂಡು ಮೂರು ದಿನ ಎಲ್ಲಿಗಾದ್ರೂ ಹೋಗ್ತೀವಿ, ಕೊರೋನಾ ಇದ್ದ 2021 ಒಂದು ಬಿಟ್ರೆ ಒಂದು ವರ್ಷನೂ ತಪ್ಪಿಸಿಲ್ಲ. ಇಬ್ರು ಬೆಂಗಳೂರಲ್ಲಿ ಸಾಫ್ಟ್‌ವೇರ್, ಒಬ್ಬ ಚನ್ನಗಿರಿ ಹತ್ರ ಅಡಿಕೆ ತೋಟ ನೋಡ್ಕೊಂಡಿದಾನೆ, ಒಬ್ಬ ಎಪಿಎಂಸಿಲಿ ಮೆಕ್ಕೆಜೋಳದ ವ್ಯಾಪಾರ, ಒಬ್ಬ ಪಾಲಿಟೆಕ್ನಿಕ್ ಮೇಷ್ಟ್ರು, ಒಬ್ಬ ದುರ್ಗದಲ್ಲಿ ಕಂಟ್ರಾಕ್ಟರ್, ಒಬ್ಬ ಹುಬ್ಬಳ್ಳಿಲಿ, ನಾನು ಇಲ್ಲೇ ಹಾರ್ಡ್‌ವೇರ್ ಅಂಗಡಿ. ಈ ಆಟ ಕಲಿಸಿದ್ದು ಬೆಂಗಳೂರಿನವನೊಬ್ಬ. ನಮಗೆ ಊರಲ್ಲಿ ಪ್ರಾಕ್ಟೀಸ್ ಅಂದ್ರೆ ಚನ್ನಗಿರಿಯವನ ಅಡಿಕೆ ಕಣ, ಕೊಯ್ಲು ಮುಗಿದ್ಮೇಲೆ ಹಸಿರು ಶೇಡ್ ನೆಟ್ ಎರಡು ಮಡಿಕೆ ಮಾಡಿ ಎರಡು ಕಂಬಕ್ಕೆ ಬಿಗಿದು ಅದಕ್ಕೆ ಹೊಡೀತೀವಿ, ಬಾಲ್ ಸರಿಯಾಗಿ ತಾಗಿದ್ರೆ ನೆಟ್ ಮಧ್ಯದಲ್ಲಿ ಧಪ್ ಅಂತ ಒಂದು ತುಂಬಿದ ಶಬ್ದ ಬರುತ್ತೆ, ಸರಿಯಾಗಿ ತಾಗದಿದ್ರೆ ಕಂಬಕ್ಕೆ ಬಡಿದು ತೋಟದೊಳಗೆ ಹೋಗುತ್ತೆ, ಆಮೇಲೆ ಅಡಿಕೆ ಸೋಗೆ ಎತ್ತಿ ಎತ್ತಿ ಹುಡುಕಬೇಕು.

ಇಷ್ಟು ವರ್ಷದಲ್ಲಿ ಐದಾರು ಊರು ನೋಡಿದೀವಿ, ಈಗ ನಮ್ಮ ಕಡೆಯವ್ರೇ ಕೆಲವ್ರು ಟ್ರಿಪ್ ಶುರು ಮಾಡ್ಬೇಕು ಅಂತಿದಾರೆ, ಯಾವ ಊರು ಆರಿಸ್ಬೇಕು ಅಂತ ಕೇಳ್ತಾರೆ, ಅದಕ್ಕೆ ನಂಗೆ ಗೊತ್ತಿದ್ದಿದ್ದನ್ನ ಪೂರ್ತಿ ಬರೀತಿದೀನಿ.

ಮೊದಲನೇದು, ಕೋರ್ಸ್, ಅಂದ್ರೆ ಆಡೋ ಮೈದಾನ, ಎಷ್ಟು ಚೆನ್ನಾಗೈತೆ ಅಂತ ನೋಡಿ ಊರು ಆರಿಸೋಕೆ ಹೋಗ್ಬೇಡ್ರಿ. ನಿಮ್ಮ ಗುಂಪಲ್ಲಿ ಎಲ್ರಿಗಿಂತ ಕಮ್ಮಿ ಆಡೋನು ಯಾರು, ಎಲ್ರಿಗಿಂತ ಕಮ್ಮಿ ನಡೆಯೋನು ಯಾರು, ಅವ್ರಿಬ್ರನ್ನ ಮನಸ್ಸಲ್ಲಿ ಇಟ್ಕೊಂಡು ಆರಿಸ್ರಿ. ನಾವು ಶುರುನಲ್ಲಿ ಬೆಂಗಳೂರಿನವ್ರ ಆಟಕ್ಕೆ ತಕ್ಕಂಗೆ ಜಾಗ ಹುಡುಕ್ತಿದ್ವಿ, ಅವ್ರಿಬ್ರಿಗೆ ಹ್ಯಾಂಡಿಕ್ಯಾಪ್ (ಆಟದ ಮಟ್ಟದ ಲೆಕ್ಕ, ಕಮ್ಮಿ ಇದ್ದಷ್ಟೂ ಆಟ ಚೆನ್ನಾಗಿ) 14, 16, ಉಳಿದವ್ರು 30ರ ಮೇಲೆ, ಕಷ್ಟದ ಕೋರ್ಸಲ್ಲಿ ಅವ್ರು ಖುಷಿಯಾಗಿದ್ರು, ಉಳಿದವ್ರು ಹನ್ನೆರಡನೇ ಹೋಲಿಗೆ (ಬಾಲ್ ಬೀಳಿಸ್ಬೇಕಾದ ಗುಳಿ) ಸುಸ್ತಾಗಿ ಮಾತು ನಿಲ್ಲಿಸ್ಬಿಡ್ತಿದ್ರು. ಪೂರ್ತಿ ಆಟ 18 ಹೋಲ್, ಅಂದ್ರೆ ಆರಾಮಾಗಿ ಎಂಟು ಹತ್ತು ಕಿಲೋಮೀಟರ್ ನಡಿಗೆ, ನಾಲ್ಕು ಜನ ಸೇರಿ ಆಡಿದ್ರೆ ನಾಲ್ಕೂವರೆ ಗಂಟೆ, ನಮ್ಮಂಥವ್ರು ಆಡಿದ್ರೆ ಐದೂ ಆಗುತ್ತೆ. ದುರ್ಗದವನಿಗೆ 2022ರಲ್ಲಿ ಮಂಡಿ ಆಪರೇಷನ್ ಆಯ್ತು, ಮೇಷ್ಟ್ರು ಗಾಲ್ಫ್ ಆಡೋದೇ ಇಲ್ಲ, ಬರೀ ಜೊತೆಗಿರೋಕೆ ಅಂತ ಬರ್ತಾನೆ, ಸ್ಕೋರ್ ಕಾರ್ಡ್ ಹಿಡ್ಕೊಂಡು ಪೂರ್ತಿ ನಡೀತಾನೆ. ಅವ್ರಿಬ್ರಿಗೂ ಮೂರು ದಿನ ಚೆನ್ನಾಗಿ ಹೋಗೋ ಊರೇ ನಮ್ಮ ಊರು. ಇದು ನಂಗೆ ಅರ್ಥ ಆಗೋಕೆ ನಾಲ್ಕು ಟ್ರಿಪ್ ಬೇಕಾಯ್ತು.

ಈಗ ಒಂದೊಂದೇ ಊರು.

ಚಿಕ್ಕಮಗಳೂರಿಂದ ಶುರು ಮಾಡ್ತೀನಿ, ಯಾಕಂದ್ರೆ ದಾವಣಗೆರೆಯವ್ರಿಗೆ ಹತ್ರ ಅದೇ. ಚನ್ನಗಿರಿ, ತರೀಕೆರೆ ಮೇಲೆ ಹೋದ್ರೆ ನೂರೈವತ್ತು ಕಿಲೋಮೀಟರ್ ಆಸುಪಾಸು, ಬೆಳಗ್ಗೆ ದೋಸೆ ತಿಂದು ಹೊರಟ್ರೆ ಮಧ್ಯಾಹ್ನದ ಊಟ ಅಲ್ಲೇ. ಚಿಕ್ಕಮಗಳೂರು ಗಾಲ್ಫ್ ಕ್ಲಬ್ಬಲ್ಲಿ 18 ಹೋಲ್ ಐತೆ, ಸುತ್ತ ಕಾಫಿ ಸೀಮೆ, ದೂರಕ್ಕೆ ಗಿರಿ ಸಾಲು ಕಾಣುತ್ತೆ. ದೊಡ್ಡ ಸಿಟಿ ಕ್ಲಬ್ಬಿನ ಬಿಗಿ ಇಲ್ಲಿ ಕಮ್ಮಿ, ಹಿಂದೆ ಇನ್ನೊಂದು ಗುಂಪು ಕಾಯ್ತಾ ನಿಂತಿರೋ ಒತ್ತಡ ವಾರದ ದಿನ ಅಷ್ಟಾಗಿ ಇರಲ್ಲ, ಹೊಸಬ್ರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಆಡಿದವ್ರಿಗೇ ಗೊತ್ತು. ಫೆಬ್ರವರಿ, ಮಾರ್ಚಲ್ಲಿ ಒಂದು ಮಳೆ ಬಿದ್ರೆ ಕಾಫಿ ಹೂ ಬಿಡುತ್ತೆ, ನಾವು ಒಂದ್ಸಲ ಅಂಥ ಟೈಮಲ್ಲೇ ಹೋಗಿದ್ವಿ, ಕಾರಿನ ಗ್ಲಾಸ್ ಇಳಿಸಿದ್ರೆ ಮಲ್ಲಿಗೆ ಮಾರ್ಕೆಟ್ ಹೊಕ್ಕಂಗೆ ವಾಸನೆ, ಹುಬ್ಬಳ್ಳಿಯವನು ಕಾರು ಸೈಡಿಗೆ ಹಾಕ್ಸಿ ಹತ್ತು ನಿಮಿಷ ಸುಮ್ನೆ ನಿಂತ್ಕೊಂಡ.

ಉಳಿಯೋಕೆ ಹೋಂಸ್ಟೇ ಬೇಕಾದಷ್ಟು ಐತೆ, ಎಂಟು ಜನಕ್ಕೆ ಇಡೀ ಮನೆನೇ ಸಿಗುತ್ತೆ. ಇದು ಮುಖ್ಯ, ಯಾಕಂದ್ರೆ ಹೋಟ್ಲಲ್ಲಿ ನಾಲ್ಕು ರೂಮಿಗೆ ಹಂಚಿಹೋದ್ರೆ ರಾತ್ರಿ ಮಾತೇ ಆಗಲ್ಲ, ಒಂದೇ ಜಗಲಿಲಿ ಎಂಟು ಕುರ್ಚಿ ಬಿದ್ರೆ ಹನ್ನೆರಡಾದ್ರೂ ಯಾರೂ ಏಳಲ್ಲ. ನಮ್ಮಲ್ಲಿ ಐದು ಜನ ಶುದ್ಧ ಸಸ್ಯಾಹಾರಿಗಳು, ಅಕ್ಕಿ ರೊಟ್ಟಿ, ಕಡುಬು, ಸೊಪ್ಪಿನ ಪಲ್ಯ ಮನೆಯವ್ರೇ ಮಾಡಿ ಕೊಡ್ತಾರೆ, ಉಳಿದ ಮೂವರಿಗೆ ಕೋಳಿ ಸಾರು ಬೇರೆ ಪಾತ್ರೆಲಿ. ಯಾವಾಗ ಹೋಗ್ಬಾರ್ದು ಅಂದ್ರೆ ಜೂನಿಂದ ಸೆಪ್ಟೆಂಬರ್, ಮಳೆ ಹಿಡಿದ್ರೆ ಆಟ ಇಲ್ಲ. ಡಿಸೆಂಬರ್‌ನಲ್ಲಿ ದತ್ತ ಜಯಂತಿ ಇರೋ ದಿನಗಳನ್ನೂ ಬಿಡ್ರಿ, ಗಿರಿ ಕಡೆ ಪ್ರವಾಸಿಗರನ್ನ ಬಿಡಲ್ಲ, ಊರಲ್ಲೂ ಬಂದೋಬಸ್ತ್ ಜೋರು. ಶನಿವಾರ ಭಾನುವಾರ ಬೆಂಗಳೂರು ಕಾರುಗಳು ತುಂಬಿರ್ತವೆ, ಗುರುವಾರ ಹೋಗಿ ಶನಿವಾರ ಬೆಳಗ್ಗೆ ಹೊರಟ್ಬಿಡೋದು ಸರಿ.

ಮೈಸೂರು ನಂಗೆ ತುಂಬ ಇಷ್ಟ. ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇರೋದು ಚಾಮುಂಡಿ ಬೆಟ್ಟದ ಬುಡದಲ್ಲಿ, ರೇಸ್ ಕೋರ್ಸ್ ಒಳಗೆ, ಕುದುರೆ ಟ್ರ್ಯಾಕಿನ ಬೇಲಿ ಪಕ್ಕದಲ್ಲೇ ಆಡ್ತಿರ್ತೀರಿ. ಜಾಗ ಬಹುತೇಕ ಸಮತಟ್ಟು, ಮಂಡಿ ನೋವಿರೋರಿಗೆ ನಾ ನೋಡಿದ್ರಲ್ಲಿ ಇದೇ ಒಳ್ಳೇದು, ಆಪರೇಷನ್ ಆಗಿ ಒಂಬತ್ತು ತಿಂಗಳಿಗೆ ದುರ್ಗದವನು ಮೊದಲನೇ ಸಲ 18 ಹೋಲ್ ಮುಗಿಸಿದ್ದು ಇಲ್ಲೇ. ಆ ದಿನ ನಮಗೆ ಸಿಕ್ಕಿದ್ದ ಕ್ಯಾಡಿ, ಅಂದ್ರೆ ಬ್ಯಾಗ್ ಹೊರೋರು, ವಯಸ್ಸಾದವ್ರು, ಮೂರನೇ ಗ್ರೀನಲ್ಲಿ (ಹೋಲಿನ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು) ನಾನು ಪಟ್ ಮಾಡೋಕೆ, ಅಂದ್ರೆ ಬಾಲನ್ನ ಮೆಲ್ಲಗೆ ಹೋಲಿಗೆ ಉರುಳಿಸೋಕೆ, ನಿಂತಾಗ ಎಷ್ಟು ನೋಡಿದ್ರೂ ಎಡಕ್ಕೆ ಇಳಿಜಾರು ಅನ್ನಿಸ್ತಿತ್ತು, ಅವ್ರು ಬಾವುಟದ ಕೋಲಿನ ತುದಿನ ಹೋಲಿನ ಎಡಗಡೆ ಒಂದು ಗೇಣು ದೂರಕ್ಕೆ ಇಟ್ಟು, "ಸಾರ್, ನೆಲ ನೋಡ್ಬೇಡಿ, ಬೆಟ್ಟ ನೋಡಿ, ಬಾಲು ಬೆಟ್ಟಕ್ಕೆ ಬೆನ್ನು ಹಾಕ್ಕೊಂಡು ಹೋಗುತ್ತೆ" ಅಂದ್ರು. ಬೆಟ್ಟ ನನ್ನ ಎಡಕ್ಕಿತ್ತು. ಅವ್ರು ಹೇಳಿದಂಗೆ ಹೊಡೆದೆ, ಬಾಲ್ ಮೊದ್ಲು ನೆಟ್ಟಗೆ ಹೋಗಿ ಕೊನೆ ಎರಡಡಿಲಿ ಬಲಕ್ಕೆ ತಿರುಗಿ ಒಳಗೆ ಬಿತ್ತು. ಅವತ್ತಿಂದ ಯಾವ ಊರಿಗೆ ಹೋದ್ರೂ ನಾನು ಮೊದ್ಲು ಬೆಟ್ಟ ಯಾವ ಕಡೆ, ನೀರು ಯಾವ ಕಡೆ ಹರಿಯುತ್ತೆ ಅಂತ ನೋಡ್ತೀನಿ.

ಕ್ಯಾಡಿಗಳ ಬಗ್ಗೆ ಇಲ್ಲೇ ಒಂದು ಮಾತು ಹೇಳ್ಬಿಡ್ತೀನಿ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಮೊದಲು ಕ್ಯಾಡಿ ಆಗಿದ್ದವ್ರು. ನಿಮ್ಮ ಬ್ಯಾಗ್ ಹೊತ್ತು ಪಕ್ಕದಲ್ಲಿ ನಡೀತಿರೋರಿಗೆ ನಿಮಗಿಂತ ಚೆನ್ನಾಗಿ ಆಟ ಗೊತ್ತಿರುತ್ತೆ, ಅವ್ರನ್ನ ಕೇಳ್ರಿ, ಹೆಸರಿಡಿದು ಮಾತಾಡ್ಸಿ, ಕ್ಲಬ್ ಫಿಕ್ಸ್ ಮಾಡಿರೋ ದುಡ್ಡಿನ ಮೇಲೆ ಕೈತುಂಬ ಕೊಡ್ರಿ, ತಿಂಡಿಗೆ ಕೂತಾಗ ಅವ್ರಿಗೂ ತಿಂಡಿ ಆಯ್ತಾ ಅಂತ ವಿಚಾರಿಸ್ರಿ.

ಮೈಸೂರಿನ ತೊಂದರೆ ದೂರ. ಹಿರಿಯೂರಿಂದ ಹುಳಿಯಾರು, ಚಿಕ್ಕನಾಯಕನಹಳ್ಳಿ, ನಾಗಮಂಗಲ, ಪಾಂಡವಪುರ ಅಂತ 150ಎ ಹೈವೇ ಹಿಡಿದ್ರೆ ಬೆಂಗಳೂರಿನ ಸಹವಾಸ ಇಲ್ದೆ ಹೋಗ್ಬಹುದು, ಆದ್ರೂ ದಾವಣಗೆರೆಯಿಂದ ಮುನ್ನೂರು ಕಿಲೋಮೀಟರ್ ದಾಟುತ್ತೆ, ಆರು ಗಂಟೆ ಅಂತ ಇಟ್ಕೊಳ್ರಿ. ರೇಸ್ ಇರೋ ದಿನ ಯಾವುದು ಅಂತ ಮೊದ್ಲೇ ಕ್ಲಬ್ಬಿಗೆ ಫೋನ್ ಮಾಡಿ ಕೇಳ್ಕೊಂಡು ಆಮೇಲೆ ರೂಮ್ ಬುಕ್ ಮಾಡ್ರಿ. ದಸರಾ ಟೈಮಲ್ಲಿ ರೂಮ್ ರೇಟ್ ಮುಟ್ಟೋಕಾಗಲ್ಲ. ಆದ್ರೆ ಆಡದವ್ರಿಗೆ ಈ ಊರು ಸ್ವರ್ಗ, ನಮ್ಮ ಮೇಷ್ಟ್ರು ಎರಡನೇ ದಿನ ನಮ್ಮನ್ನ ಬಿಟ್ಟು ದೇವರಾಜ ಮಾರ್ಕೆಟ್, ಅರಮನೆ ಎಲ್ಲ ಒಬ್ನೇ ಸುತ್ತಿ ಸಂಜೆ ಎಲ್ರಿಗೂ ಮೈಸೂರು ಪಾಕ್ ತಂದ.

ಕೊಡಗು ಅಂದ್ರೆ ಎರಡು ಹೆಸರು ಬರುತ್ತೆ, ಮಡಿಕೇರಿಲಿ ಮರ್ಕೆರಾ ಡೌನ್ಸ್, ವಿರಾಜಪೇಟೆ ಹತ್ರ ಬಿಟ್ಟಂಗಾಲದಲ್ಲಿ ಕೂರ್ಗ್ ಗಾಲ್ಫ್ ಲಿಂಕ್ಸ್. ನಾವು ಬಿಟ್ಟಂಗಾಲಕ್ಕೆ ಹೋಗಿದ್ವಿ, ಹಸಿರು ಅಂದ್ರೆ ಅದು ಹಸಿರು, ನಮ್ಮ ಕಡೆ ಬಯಲುಸೀಮೆಯಿಂದ ಹೋದವ್ರಿಗೆ ಕಣ್ಣು ತಂಪಾಗುತ್ತೆ. ಆದ್ರೆ ಏರು ಇಳಿತ ಜಾಸ್ತಿ, ಮಂಡಿಯವನನ್ನ ಕರ್ಕೊಂಡು ಹೋಗೋ ಜಾಗ ಅಲ್ಲ. ದಾವಣಗೆರೆಯಿಂದ ಏಳೆಂಟು ಗಂಟೆ ರೋಡು, ಮೂರು ದಿನದಲ್ಲಿ ಎರಡು ದಿನ ಕಾರಲ್ಲೇ ಕಳೆದಂಗಾಗುತ್ತೆ. ನಾಲ್ಕು ದಿನ ರಜೆ ಇದ್ರೆ, ಎಲ್ರೂ ಗಟ್ಟಿಮುಟ್ಟಾಗಿದ್ರೆ ಹೋಗ್ರಿ. ಹುಬ್ಬಳ್ಳಿಯವನು ಪಂದಿ ಕರಿ, ಕಡಂಬುಟ್ಟು ತಿನ್ನೋಕಾದ್ರೂ ಇನ್ನೊಂದ್ಸಲ ಹೋಗೋಣ ಅಂತ ಪ್ರತಿ ವರ್ಷ ಕೇಳ್ತಾನೆ.

ಊಟಿ ಬೇರೆನೇ ಲೆಕ್ಕ. ಅಲ್ಲಿಗೆ ಐದು ವರ್ಷಕ್ಕೊಂದ್ಸಲ ಹೋಗ್ಬೇಕು, ಪ್ರತಿ ವರ್ಷ ಆಗಲ್ಲ, ಆದ್ರೆ ಜೀವನದಲ್ಲಿ ಒಂದ್ಸಲನಾದ್ರೂ ಎಂಟೂ ಜನ ಆ ಕೋರ್ಸಲ್ಲಿ ನಿಲ್ಲಬೇಕು. ಊಟಕಮಂಡ್ ಜಿಮ್ಖಾನಾ ಕ್ಲಬ್ಬಿನ 18 ಹೋಲ್ ಕೋರ್ಸ್, ವೆನ್‌ಲಾಕ್ ಡೌನ್ಸ್ ಅಂತಾರೆ ಆ ಬಯಲಿಗೆ, ಗುಡ್ಡ ಆದ್ಮೇಲೆ ಗುಡ್ಡ, ಸಮುದ್ರ ಮಟ್ಟದಿಂದ 2,200 ಮೀಟರ್ ಎತ್ತರ. ದಾವಣಗೆರೆ 600 ಮೀಟರ್ ಅಷ್ಟೇ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಬಾಲಿಗೆ ತಡೆ ಕಮ್ಮಿ, ಬೆಂಗಳೂರಲ್ಲಿ 150 ಗಜ ಹೋಗೋ ಹೊಡೆತ ಅಲ್ಲಿ ಎಂಟು ಹತ್ತು ಗಜ ಮುಂದೆ ಹೋಗಿ ಬೀಳುತ್ತೆ, ಮೊದಲನೇ ದಿನ ನಾವೆಲ್ಲ ಗ್ರೀನ್ ದಾಟಿಸಿ ಹಿಂದಿನ ಮುಳ್ಳು ಪೊದೆಗೆ ಹಾಕಿದ್ವಿ. ಆ ಪೊದೆಗೆ ಬಾಲ್ ಹೋದ್ರೆ ಕೈ ಹಾಕ್ಬೇಡ್ರಿ, ಮೂರು ನಿಮಿಷ ಹುಡುಕೋಕೆ ರೂಲ್ ಐತೆ ಅಂತ ಮುಳ್ಳಲ್ಲಿ ಕೈ ಪರಚ್ಕೊಳ್ಳೋದು ಬೇಡ, ಇನ್ನೊಂದು ಬಾಲ್ ತಗೊಂಡು ಆಡ್ರಿ. ಎರಡನೇ ದಿನ ಏಳನೇ ಐರನ್ (ಹೊಡೆಯೋ ಕೋಲು) ಜಾಗದಲ್ಲಿ ಅದಕ್ಕಿಂತ ಕಮ್ಮಿ ದೂರ ಹೋಗೋ ಎಂಟನೇದು ಹಿಡಿದ್ಮೇಲೆ ಸರಿಹೋಯ್ತು.

ಜನವರಿಲಿ ಹೋದ್ರೆ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದಂಗೆ ಬೆಳ್ಳಗಿರುತ್ತೆ. ಬಿಸಿಲು ಬಿದ್ದು ಕರಗೋವರೆಗೂ ಕಾಯ್ಬೇಕು, ಹೆಪ್ಪುಗಟ್ಟಿದ ಹುಲ್ಲು ತುಳಿದ್ರೆ ಸುಟ್ಟಂಗಾಗಿ ಹೆಜ್ಜೆ ಗುರುತು ಉಳಿದುಬಿಡುತ್ತೆ. ಎಪಿಎಂಸಿಯವನು ಮನೆಯಿಂದ ಕಂಬಳಿ ತಂದಿದ್ದ, ದುರ್ಗದ ಕಡೆ ಕುರಿ ಉಣ್ಣೆದು, ಆ ಚಳಿಲಿ ನಾವು ತಗೊಂಡೋಗಿದ್ದ ಜಾಕೆಟ್ಟಿಗಿಂತ ಅದೇ ಬೆಚ್ಚಗಿತ್ತು, ಪ್ರತಿ ಹೋಲಿನ ಮೊದಲನೇ ಹೊಡೆತ ಹೊಡೆಯೋವಾಗ ಮಾತ್ರ ತೆಗೆದು ಮೇಷ್ಟ್ರ ಹೆಗಲಿಗೆ ಹಾಕ್ತಿದ್ದ.

ಊಟಿಗೆ ಹೋಗೋರು ಮೂರು ವಿಷಯ ನೆನಪಿಡ್ರಿ. ಒಂದು, ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗಾಡಿ ಬಿಡಲ್ಲ, ದಾವಣಗೆರೆಯಿಂದ ತಡವಾಗಿ ಹೊರಟ್ರೆ ಗುಂಡ್ಲುಪೇಟೆಲೇ ಮಲಗ್ಬೇಕಾಗುತ್ತೆ, ಹಂಗಾಗಿ ಮೊದಲನೇ ರಾತ್ರಿ ಮೈಸೂರಲ್ಲಿ ಉಳಿದು ಬೆಳಗ್ಗೆ ಹೊರಡೋದು ಒಳ್ಳೇದು. 2024ರಿಂದ ನೀಲಗಿರಿಗೆ ಹೋಗೋ ಗಾಡಿಗಳಿಗೆ ಇ-ಪಾಸ್ ಬಂದೈತೆ, ಫೋನಲ್ಲೇ ಮಾಡ್ಕೋಬಹುದು, ಪ್ರತಿ ಕಾರಿಗೂ ಬೇರೆ ಬೇರೆ. ಇನ್ನು ಪ್ಲಾಸ್ಟಿಕ್ ನೀರಿನ ಬಾಟಲಿ ಅಲ್ಲಿ ನಿಷೇಧ, ಗಾಲ್ಫ್ ಬ್ಯಾಗಿನ ಸೈಡ್ ಜೇಬಲ್ಲಿ ಹಳೇದೊಂದು ಉಳಿದಿರುತ್ತೆ, ಹೊರಡೋ ಮುಂಚೆ ತೆಗೆದು ಸ್ಟೀಲ್ ಬಾಟಲಿ ಇಡ್ರಿ.

ಬೆಂಗಳೂರು. ಆಟದ ಮಟ್ಟಕ್ಕೆ ಇದಕ್ಕಿಂತ ಮೇಲಿನ ಊರು ನಮ್ಮ ರಾಜ್ಯದಲ್ಲಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಕೋರ್ಸ್ ಮಾಡಿದ್ದು ಬ್ರಿಟಿಷ್ ಓಪನ್ ಐದು ಸಲ ಗೆದ್ದ ಪೀಟರ್ ಥಾಮ್ಸನ್. ಟೋಕಿಯೋ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನ ಬಂದ ಅದಿತಿ ಅಶೋಕ್ ಬೆಳೆದಿದ್ದು ಈ ಊರಲ್ಲೇ, ಅವತ್ತು ಕೊನೇ ದಿನದ ಆಟ ನಾನು ಅಂಗಡಿ ಶಟರ್ ಅರ್ಧ ಇಳಿಸಿ ಫೋನಲ್ಲಿ ನೋಡಿದೆ, ಕೊನೇ ಪಟ್ ತಪ್ಪಿದಾಗ ಎದೆ ಧಸಕ್ ಅಂತು. ಆದ್ರೆ ಈ ಎರಡೂ ಕ್ಲಬ್ಬಿಗೆ ಮೆಂಬರ್ ಜೊತೆ ಹೋಗೋದೇ ದಾರಿ, ಎಂಟು ಜನಕ್ಕೆ ಒಬ್ಬ ಮೆಂಬರನ್ನ ಎಷ್ಟು ಅಂತ ಕೇಳೋದು. ದೇವನಹಳ್ಳಿ ಆಚೆ ನಂದಿ ಬೆಟ್ಟದ ಬುಡದಲ್ಲಿ ಪ್ರೆಸ್ಟೀಜ್ ಗಾಲ್ಫ್‌ಶೈರ್ ಐತೆ, ಪಕ್ಕದಲ್ಲೇ ದೊಡ್ಡ ರೆಸಾರ್ಟು, ನಮ್ಮ ಕಡೆಯಿಂದ ಹೋಗೋರು ಡಾಬಸ್‌ಪೇಟೆ ಹತ್ರ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋದ್ರೆ ಸಿಟಿ ಟ್ರಾಫಿಕ್ಕೇ ಸಿಗಲ್ಲ. ಖರ್ಚು ಮಾತ್ರ ಜೋರು. ಅದಕ್ಕಿಂತ ನಂಗೆ ಬೆಂಗಳೂರು ಬೇಡ ಅನ್ನಿಸೋದು ಬೇರೆ ಕಾರಣಕ್ಕೆ, ಅಲ್ಲಿ ಹೋದ್ರೆ ಬೆಂಗಳೂರಿನ ಇಬ್ರೂ ಸಂಜೆ ಮನೆಗೆ ಹೋಗ್ಬಿಡ್ತಾರೆ, ಆಫೀಸ್ ಕಾಲ್ ಬರುತ್ತೆ, ಮಗಳ ಟ್ಯೂಷನ್ ಬರುತ್ತೆ. ಒಂದೇ ದಿನದ ಆಟ ಆಡ್ಬೇಕು ಅಂದ್ರೆ ಸರಿ, ದಾವಣಗೆರೆಯಲ್ಲಿ ವಂದೇ ಭಾರತ್ ನಿಲ್ಲುತ್ತೆ, ಹೋಗ್ಬರ್ರಿ. ಟ್ರಿಪ್ ಅಂದ್ರೆ ಎಲ್ರೂ ಮನೆ ಬಿಟ್ಟು ಬರ್ಬೇಕು.

ಗೋವಾ ಅನ್ನೋರು ಪ್ರತಿ ಗುಂಪಲ್ಲೂ ಇರ್ತಾರೆ. ಗೋವಾಕ್ಕೆ ಗೋವಾ ನೋಡೋಕೆ ಹೋಗ್ರಿ, ಗಾಲ್ಫ್ ಟ್ರಿಪ್ ಜೊತೆ ಸೇರಿಸಿದ್ರೆ ಬೆಳಗ್ಗೆ 6 ಗಂಟೆಗೆ ಯಾರೂ ಏಳಲ್ಲ.

ತಾರೀಖು ಫಿಕ್ಸ್ ಮಾಡೋದು ಊರು ಆರಿಸೋದಕ್ಕಿಂತ ಕಷ್ಟ. ನಮ್ಮಲ್ಲಿ ಮೆಕ್ಕೆಜೋಳ ಬರೋ ಅಕ್ಟೋಬರ್, ನವೆಂಬರಲ್ಲಿ ಎಪಿಎಂಸಿಯವನು ಸಿಗಲ್ಲ, ಅಡಿಕೆ ಕೊಯ್ಲು ಬೇಯಿಸೋದು ಮುಗಿಯೋವರೆಗೂ ಚನ್ನಗಿರಿಯವನು ಅಲ್ಲಾಡಲ್ಲ, ಎರಡು ವರ್ಷಕ್ಕೊಂದ್ಸಲ ದುಗ್ಗಮ್ಮನ ಜಾತ್ರೆ ಬರುತ್ತೆ, ಆ ವರ್ಷ ಜಾತ್ರೆ ಹತ್ರ ನಾವು ದಾವಣಗೆರೆಯವ್ರು ಊರು ಬಿಡೋ ಹಂಗಿಲ್ಲ, ಮನೆ ತುಂಬ ನೆಂಟರು. ಎಲ್ಲ ಕಳೆದು ಉಳಿಯೋದು ಜನವರಿ ಕೊನೇ ವಾರ, ಫೆಬ್ರವರಿ ಮೊದಲನೇ ವಾರ. 26ರ ರಜೆಗೆ ಅಂಟಿಸೋಕೆ ಹೋಗ್ಬೇಡ್ರಿ, ಎಲ್ಲ ಕಡೆ ಜನ.

ಬುಕಿಂಗ್ ವಿಷಯದಲ್ಲಿ ನಮಗಾಗಿದ್ದು ನಿಮಗಾಗೋದು ಬೇಡ. 2016ರಲ್ಲಿ ಒಂದು ಕ್ಲಬ್ಬಲ್ಲಿ ಫೋನಲ್ಲಿ ಟೀ ಟೈಮ್, ಅಂದ್ರೆ ಆಟ ಶುರು ಮಾಡೋ ಹೊತ್ತು, ಕೊಟ್ಟಿದ್ರು, ಬೆಳಗ್ಗೆ ಆರೂಕಾಲಿಗೆ ಎಂಟೂ ಜನ ಶೂ ಕಟ್ಕೊಂಡು ಹೋಗಿ ನಿಂತ್ರೆ ಮೆಂಬರ್ಸ್ ಟೂರ್ನಮೆಂಟ್ ನಡೀತಿದೆ, ನಿಮ್ಮ ಹೆಸರು ಬುಕ್ಕಲ್ಲಿಲ್ಲ ಅಂದ್ರು. ಬೇಡ್ಕೊಂಡು ಮಧ್ಯಾಹ್ನ ಎರಡೂವರೆಗೆ 9 ಹೋಲ್ ಸಿಕ್ತು, ಅಷ್ಟೊತ್ತಿಗೆ ಅರ್ಧ ಜನಕ್ಕೆ ಮನಸ್ಸೇ ಹೋಗಿತ್ತು. ಹುಬ್ಬಳ್ಳಿಯವನು ಅದೊಂದು ಆಟಕ್ಕೆ ರಾತ್ರಿಯೆಲ್ಲ ಬಸ್ಸಲ್ಲಿ ಬಂದಿದ್ದ, ಅವನ ಮುಖ ನೋಡೋಕಾಗ್ಲಿಲ್ಲ ನಂಗೆ. ಅವತ್ತಿಂದ ಎಲ್ರ ಹೆಸರು, ಹ್ಯಾಂಡಿಕ್ಯಾಪ್, ತಾರೀಖು, ಟೈಮು ಬರೆದು ಮೇಲ್ ಕಳಿಸಿ ಅವ್ರಿಂದ ಉತ್ತರ ಬಂದ್ಮೇಲೇ ಹೋಂಸ್ಟೇಗೆ ಅಡ್ವಾನ್ಸ್ ಹಾಕ್ತೀನಿ, ಹಿಂದಿನ ದಿನ ಇನ್ನೊಂದ್ಸಲ ಫೋನ್ ಮಾಡ್ತೀನಿ. ಕಾಲರ್ ಇರೋ ಟೀಶರ್ಟ್ ತಗೊಂಡೋಗ್ರಿ, ಜೀನ್ಸ್ ಬಹಳ ಕಡೆ ಬಿಡಲ್ಲ.

ದುಡ್ಡಿಗೆ ನಮ್ಮದು ಸುಲಭದ ಪದ್ಧತಿ, ತಿಂಗಳಿಗೆ ತಲಾ 1,500 ರೂಪಾಯಿ ಮೇಷ್ಟ್ರ ಅಕೌಂಟಿಗೆ ಹೋಗುತ್ತೆ, ವರ್ಷಕ್ಕೆ ಒಬ್ಬಂದು 18,000, ಎಂಟು ಜನದ್ದು 1,44,000. ಒಟ್ಟಿಗೆ ಕೊಡೋವಾಗ ಕೈ ನಡುಗೋದು ತಪ್ಪುತ್ತೆ, ಯಾರ ಹತ್ರ ಆ ತಿಂಗಳು ಇಲ್ಲ ಅನ್ನೋದು ಬೇರೆಯವ್ರಿಗೆ ಗೊತ್ತಾಗೋದೂ ಇಲ್ಲ, ಮೇಷ್ಟ್ರಿಗೊಬ್ಬನಿಗೇ ಗೊತ್ತು, ಅವನು ಇದುವರೆಗೂ ಒಂದ್ಸಲನೂ ಬಾಯಿ ಬಿಟ್ಟಿಲ್ಲ. ಚಿಕ್ಕಮಗಳೂರಿಗೆ ಹೋದ ವರ್ಷ ದುಡ್ಡು ಉಳಿಯುತ್ತೆ, ಊಟಿ ವರ್ಷಕ್ಕೆ ಅದೇ ಸೇರುತ್ತೆ.

ಆಟದ ರೀತಿನೂ ಊರಿಗೆ ತಕ್ಕಂಗೆ ಆರಿಸ್ಬೇಕು. ಸ್ಟೇಬಲ್‌ಫರ್ಡ್ ಅಂತ ಒಂದು ಲೆಕ್ಕ ಐತೆ, ಪಾರ್‌ಗೆ (ಆ ಹೋಲಿಗೆ ಇಷ್ಟು ಹೊಡೆತ ಅಂತ ಇಟ್ಟಿರೋ ಲೆಕ್ಕ) 2 ಪಾಯಿಂಟ್, ಬರ್ಡಿಗೆ (ಅದಕ್ಕಿಂತ ಒಂದು ಕಮ್ಮಿ) 3, ಬೋಗಿಗೆ (ಒಂದು ಜಾಸ್ತಿ) 1, ಅದಕ್ಕಿಂತ ಕೆಟ್ಟದಾದ್ರೆ ಸೊನ್ನೆ, ಎಲ್ಲ ಹ್ಯಾಂಡಿಕ್ಯಾಪ್ ಕಳೆದ್ಮೇಲೆ. ಒಂದು ಹೋಲಲ್ಲಿ 11 ಹೊಡೆದ್ರೂ ಬಾಲ್ ಎತ್ಕೊಂಡು ಮುಂದಿನದಕ್ಕೆ ಹೋಗ್ಬಹುದು, ದಿನ ಹಾಳಾಗಲ್ಲ. ಊಟಿ, ಕೊಡಗಿನಂಥ ಕಷ್ಟದ ಕಡೆ ಇದೇ ಸರಿ. ಚಿಕ್ಕಮಗಳೂರಲ್ಲಿ ಟೈಮ್ ಇರೋದ್ರಿಂದ ಮೊದಲನೇ ದಿನ ಸ್ಕ್ರಾಂಬಲ್ ಆಡ್ತೀವಿ, ನಾಲ್ಕು ಜನದ ಒಂದೊಂದು ಟೀಮು, ಎಲ್ರೂ ಹೊಡೀಬೇಕು, ಯಾರ ಬಾಲ್ ಚೆನ್ನಾಗಿ ಬಿದ್ದೈತೋ ಅಲ್ಲಿಂದ ಮತ್ತೆ ಎಲ್ರೂ. ಇದರಲ್ಲಿ ಮೇಷ್ಟ್ರಿಗೂ ಜಾಗ ಸಿಕ್ತು. ಅವನು ಗ್ರೀನಲ್ಲಿ ಪಟ್ ಮಾತ್ರ ಮಾಡ್ತಾನೆ. ಹೋದ ಸಲ ಹದಿನೇಳನೇ ಹೋಲಲ್ಲಿ ನಮ್ಮ ಮೂವರದೂ ತಪ್ಪಿತ್ತು, ಹದಿನೈದಡಿ ದೂರ, ಅವನು ಕನ್ನಡಕ ತೆಗೆದು ಶರ್ಟಲ್ಲಿ ಒರೆಸ್ಕೊಂಡು ಮತ್ತೆ ಹಾಕ್ಕೊಂಡು ಬೋರ್ಡ್ ಮೇಲೆ ಗೆರೆ ಎಳೆಯೋ ಥರ ನಿಧಾನಕ್ಕೆ ಹೊಡೆದ, ಬಾಲ್ ಅಂಚಲ್ಲಿ ಒಂದು ಸುತ್ತು ಹಾಕಿ ಒಳಗೆ ಬಿತ್ತು, ದುರ್ಗದವನು ಮಂಡಿ ನೋವು ಮರೆತು ಓಡಿ ಹೋಗಿ ಅವನನ್ನ ಎತ್ಕೊಂಡ.

ಗೆದ್ದವ್ರಿಗೆ ನಮ್ಮಲ್ಲಿ ಕಪ್ ಇಲ್ಲ, ಹಿತ್ತಾಳೆ ತಂಬಿಗೆ ಐತೆ, ಮೊದಲನೇ ವರ್ಷ ಪೇಟೆಲಿ ತಗೊಂಡಿದ್ದು, ಕೊರಳ ಸುತ್ತ ಪ್ರತಿ ವರ್ಷದ ಇಸವಿ ಕೆತ್ತಿಸ್ತೀವಿ, 2020 ಆದ್ಮೇಲೆ ಒಂದು ಬೆರಳಗಲ ಜಾಗ ಖಾಲಿ ಬಿಟ್ಟು 2022. ಗೆದ್ದವನ ಮನೆಲಿ ವರ್ಷ ಪೂರ್ತಿ ಇರ್ಬೇಕು, ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಯೋ ಹಂಗೆ ವಾಪಸ್ ತರ್ಬೇಕು.

ಈ ಸಲ ಹೊಳಲ್ಕೆರೆ ಕಡೆ ಒಂದು ಗುಂಪು ನಮ್ಮನ್ನ ಕೇಳಿದಾಗ ನಾನು ಹೇಳಿದ್ದು ಇಷ್ಟು: ಮೊದಲನೇ ಎರಡು ವರ್ಷ ಚಿಕ್ಕಮಗಳೂರು, ವಯಸ್ಸಾದವ್ರು, ನೋವಿರೋರು ಜಾಸ್ತಿ ಇದ್ರೆ ಮೈಸೂರು, ಐದನೇ ವರ್ಷ ಊಟಿ. ನಾವೂ ಈ ಜನವರಿಗೆ ಚಿಕ್ಕಮಗಳೂರೇ ಮಾಡಿದೀವಿ, ಮೇಲ್ ಉತ್ತರ ಬಂದೈತೆ, ಜಗಲಿ ಇರೋ ಮನೆ ಸಿಕ್ಕೈತೆ. ತಂಬಿಗೆ ಹುಬ್ಬಳ್ಳಿಲಿದೆ, ಅವನು ಗುರುವಾರ ಬೆಳಗ್ಗೆ ಏಳೂವರೆಗೆ ದಾವಣಗೆರೆ ಮುಟ್ತಾನೆ, ಬೆಣ್ಣೆ ದೋಸೆಗೆ ಎರಡು ಟೇಬಲ್ ಜೋಡಿಸೋಕೆ ಹೇಳಿಟ್ಟಿದೀನಿ.